ತಿಂಡಿ ಬೇಕಾದರೆ ಕೆಲಸಕ್ಕೆ ಹೊರಟವರ ಹಿಂದೆ ಹೋಗಿ

ದೊಡ್ಡ ನಗರಕ್ಕೆ ಪ್ರವಾಸ ಹೊರಟವರು ರಾತ್ರಿ ಊಟದ ಬಗ್ಗೆ ಎಷ್ಟೊಂದು ತಲೆ ಕೆಡಿಸಿಕೊಳ್ಳುತ್ತಾರೆ ನೋಡಿ. ಎಲ್ಲಿ ತಿನ್ನಬೇಕು, ಟೇಬಲ್ ಮೊದಲೇ ಬುಕ್ ಮಾಡಬೇಕಾ, ಯಾವ ಬಟ್ಟೆ ಹಾಕಬೇಕು, ಎಲ್ಲಾ ಓದಿಕೊಂಡು ಹೋಗುತ್ತಾರೆ. ಬೆಳಗಿನ ತಿಂಡಿಗೆ ಮಾತ್ರ ಆ ಭಾಗ್ಯ ಇಲ್ಲ. ರೂಮಿನ ಬಾಡಿಗೆಯಲ್ಲಿ ಸೇರಿದೆಯಲ್ಲ ಅಂತ ಲಿಫ್ಟ್ ಇಳಿದು ಬಫೆ ಮುಂದೆ ತಟ್ಟೆ ಹಿಡಿದು ನಿಲ್ಲುತ್ತಾರೆ. ಅಲ್ಲಿ ಏನಿರುತ್ತದೆ ಅಂತ ನಿಮಗೂ ಗೊತ್ತು. ಬಿಸಿ ಪಾತ್ರೆಯಲ್ಲಿ ಒಣಗುತ್ತಿರುವ ಮೊಟ್ಟೆ, ಡಬ್ಬದ ಹಣ್ಣಿನ ರಸ, ಟೋಸ್ಟರಿನಲ್ಲಿ ಸುತ್ತುತ್ತಾ ಹೋಗಿ ಅರೆಬೆಂದು ಬೀಳುವ ಬ್ರೆಡ್ಡು. ಕೈರೋ ಆದರೂ ಅದೇ, ಟೋಕಿಯೋ ಆದರೂ ಅದೇ. ಮೂಲೆಯಲ್ಲಿ ಸ್ಥಳೀಯ ತಿಂಡಿ ಅಂತ ಒಂದೆರಡು ಬಟ್ಟಲು ಇಟ್ಟಿರುತ್ತಾರೆ, ಅದನ್ನು ತಿಂದವರು ಜೀವನದಲ್ಲಿ ಮತ್ತೆ ಅದರ ಹೆಸರು ಎತ್ತುವುದಿಲ್ಲ.

ನನ್ನ ಪ್ರಕಾರ ಒಂದು ನಗರದ ಅತ್ಯಂತ ಪ್ರಾಮಾಣಿಕ ಅಡುಗೆ ಬೆಳಗ್ಗೆಯೇ ಸಿಗುವುದು. ಇದನ್ನು ಸುಮ್ನೆ ಭಾವುಕನಾಗಿ ಹೇಳುತ್ತಿಲ್ಲ, ಇದರ ಹಿಂದೆ ವ್ಯಾಪಾರದ ಲೆಕ್ಕ ಇದೆ. ಪ್ರವಾಸಿಗರು ಅಡ್ಡಾಡುವ ಚೌಕದ ಪಕ್ಕ ರಾತ್ರಿ ಊಟದ ಜಾಗ ಇಟ್ಟವನು, ಇವತ್ತು ಬಂದವನು ನಾಳೆ ಬರುವುದಿಲ್ಲ ಅಂತ ಗೊತ್ತಿದ್ದೇ ಬದುಕಬಹುದು. ಇವತ್ತು ಕೆಟ್ಟ ಊಟ ಬಡಿಸಿದರೂ ನಾಳಿನ ವಿಮಾನದಲ್ಲಿ ಬೇರೆ ಜನ ಇಳಿಯುತ್ತಾರೆ. ತಿಂಡಿ ಅಂಗಡಿಯವನಿಗೆ ಆ ಸುಖ ಇಲ್ಲ. ಅವನ ಗಿರಾಕಿಗಳು ಅದೇ ದಾರಿಯಲ್ಲಿ, ಅದೇ ಹೊತ್ತಿಗೆ, ಅದೇ ಚಿಲ್ಲರೆ ಹಿಡಿದುಕೊಂಡು ದಿನಾ ಬರುವವರು. ಉಪ್ಪು ಸ್ವಲ್ಪ ಜಾಸ್ತಿ ಆದರೆ ಅವತ್ತೇ ಕೇಳುತ್ತಾರೆ. ಬೆಲೆ ಒಂದು ನಾಣ್ಯ ಏರಿದರೆ ಮುಖ ಗಂಟಿಕ್ಕುತ್ತಾರೆ. ಸತತ ಎರಡು ದಿನ ರುಚಿ ಕೆಟ್ಟರೆ ರಸ್ತೆ ದಾಟಿ ಎದುರು ಅಂಗಡಿಗೆ ಹೋಗುತ್ತಾರೆ. ಇಷ್ಟು ಕಾವಲಿನ ನಡುವೆ ವರ್ಷಗಟ್ಟಲೆ ಉಳಿದ ಅಂಗಡಿ ಕೆಟ್ಟದ್ದಾಗಿರಲು ಸಾಧ್ಯವೇ ಕಡಿಮೆ.

ಹಾಗಾಗಿ ಹೊಸ ನಗರದಲ್ಲಿ ‘ಒಳ್ಳೆಯ ತಿಂಡಿ ಎಲ್ಲಿ ಸಿಗುತ್ತದೆ’ ಅಂತ ಹುಡುಕುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಈ ಊರಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು, ಅವರು ಕೆಲಸಕ್ಕೆ ಹೋಗುವ ದಾರಿ ಯಾವುದು, ಅದನ್ನಷ್ಟೇ ನೋಡುತ್ತೇನೆ. ಅದು ಗೊತ್ತಾದರೆ ತಿಂಡಿ ತಾನಾಗಿ ಸಿಗುತ್ತದೆ.

ಎಲ್ಲಕ್ಕಿಂತ ಮೊದಲು ಏಳುವವರು ಸಗಟು ಮಾರುಕಟ್ಟೆಯವರು. ಮೀನು, ಮಾಂಸ, ತರಕಾರಿ, ಹೂವು, ಯಾವುದೇ ಆಗಲಿ. ನಗರದ ಅಂಗಡಿಗಳು ಬೆಳಗ್ಗೆ ಬಾಗಿಲು ತೆಗೆಯಬೇಕಾದರೆ ಇವರ ಕೆಲಸ ಅಷ್ಟರಲ್ಲಿ ಮುಗಿದಿರಬೇಕು. ಅಂದರೆ ಬೇರೆಯವರ ತಿಂಡಿ ಹೊತ್ತು ಇವರಿಗೆ ಊಟದ ಹೊತ್ತು. ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯನ್ನೇ ತಗೊಳ್ಳಿ. ಈಗಿರುವ ಕಟ್ಟಡ 1868ರದ್ದು, ಆ ಜಾಗದ ವ್ಯಾಪಾರ ಅದಕ್ಕಿಂತ ನೂರಾರು ವರ್ಷ ಹಳೆಯದು. ಇಡೀ ಊರು ಮಲಗಿರುವಾಗ ಅಲ್ಲಿ ವ್ಯಾಪಾರ ನಡೆಯುತ್ತದೆ. ಅದಕ್ಕೇ ಆ ಸುತ್ತಮುತ್ತಲ ಕೆಲವು ಪಬ್‌ಗಳಿಗೆ ನಸುಕಿನಲ್ಲೇ ಬಾಗಿಲು ತೆರೆಯುವ ಪರವಾನಗಿ ಇತ್ತು. ರಾತ್ರಿಯಿಡೀ ಮಾಂಸ ಹೊತ್ತು ಸುಸ್ತಾದವನಿಗೆ ಅದು ದಿನದ ಕೊನೆ. ತಟ್ಟೆ ತುಂಬ ಮೊಟ್ಟೆ, ಬೇಕನ್, ಸಾಸೇಜ್, ಬೀನ್ಸ್, ಜೊತೆಗೆ ಒಂದು ಗ್ಲಾಸ್ ಬಿಯರ್. ಇಂಗ್ಲಿಷರ ಆ ದೊಡ್ಡ ತಿಂಡಿ ಆಫೀಸಿಗೆ ಹೋಗುವವನಿಗೆ ಭಾರ ಅನ್ನಿಸಬಹುದು, ಆದರೆ ಅಷ್ಟು ಹೊತ್ತು ಭಾರ ಎತ್ತಿದವನ ಎದುರು ಇಟ್ಟಾಗ ಅದರ ಅಳತೆ ಸರಿಯಾಗಿಯೇ ಇದೆ.

ಪ್ಯಾರಿಸ್ಸಿನ ಈರುಳ್ಳಿ ಸೂಪಿನ ಕಥೆಯೂ ಇದೇ. ನಗರದ ನಡುಮಧ್ಯೆ ಲೆ ಆಲ್ ಅನ್ನುವ ದೊಡ್ಡ ಮಾರುಕಟ್ಟೆ ಇತ್ತು. ಅಲ್ಲಿ ಮೂಟೆ ಹೊರುವವರು ಚಳಿಯಲ್ಲಿ ಮೇಲೆ ಚೀಸ್ ಕರಗಿಸಿದ ಬಿಸಿ ಬಿಸಿ ಸೂಪ್ ಕುಡಿಯುತ್ತಿದ್ದರು. ರಾತ್ರಿ ಕುಣಿದು ಕುಪ್ಪಳಿಸಿ ಮನೆಗೆ ಹೊರಟ ಶ್ರೀಮಂತರೂ ಅದೇ ಹೊತ್ತಿಗೆ ಅಲ್ಲೇ ಬಂದು ಕೂರುತ್ತಿದ್ದರು. 1969ರಲ್ಲಿ ಮಾರುಕಟ್ಟೆ ಊರಾಚೆ ರುಂಜಿಸ್‌ಗೆ ಹೋಯಿತು. ಸೂಪ್ ಮಾತ್ರ ಹಿಂದೆ ಉಳಿಯಿತು. ಈಗ ಅದನ್ನು ಮಧ್ಯಾಹ್ನವೂ ರಾತ್ರಿಯೂ ಪ್ರವಾಸಿಗರು ಕುಡಿಯುತ್ತಾರೆ, ಮೂಟೆ ಹೊತ್ತವರು ಯಾರೂ ಇಲ್ಲ.

ಟೋಕಿಯೋದಲ್ಲಿ ಈ ಬದಲಾವಣೆ ಇನ್ನೂ ಹೊಸದು. ಸುಕಿಜಿ ಮೀನು ಮಾರುಕಟ್ಟೆ 1935ರಿಂದ ಒಂದೇ ಕಡೆ ಇತ್ತು. 2018ರ ಅಕ್ಟೋಬರ್‌ನಲ್ಲಿ ಸಗಟು ವ್ಯಾಪಾರ, ಹರಾಜು ಎಲ್ಲಾ ಅದೇ ಊರಿನ ಟೊಯೊಸುವಿಗೆ ಹೋಯಿತು. ಹೊರಗಿನ ಗಲ್ಲಿಗಳ ಅಂಗಡಿಗಳು ಸುಕಿಜಿಯಲ್ಲೇ ಉಳಿದವು. ಈಗಲೂ ಅಲ್ಲಿ ಒಳ್ಳೆಯ ತಿಂಡಿ ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ರಬ್ಬರ್ ಬೂಟು ಹಾಕಿದವರು ಕಡಿಮೆಯಾಗಿ ಫೋನ್ ಎತ್ತಿ ಹಿಡಿದವರು ಜಾಸ್ತಿಯಾದ ಮೇಲೆ ಆ ಗಲ್ಲಿಗಳ ವ್ಯಾಪಾರವೂ ಕಡ್ಡಿಗೆ ಚುಚ್ಚಿ ಕೊಡುವ ತಿನಿಸುಗಳ ಕಡೆ ವಾಲಿದೆ. ಹೋಗುವುದಾದರೆ ಬೇಗ ಹೋಗಿ. ಅಂಗಡಿಗಳು ಮಧ್ಯಾಹ್ನಕ್ಕೆಲ್ಲ ಮುಚ್ಚಲು ಶುರು ಮಾಡುತ್ತವೆ. ಭಾನುವಾರ ಮತ್ತು ಕೆಲವು ಬುಧವಾರ ಮಾರುಕಟ್ಟೆಗೆ ರಜೆ, ಅವತ್ತು ಹೋದರೆ ಅರ್ಧಕ್ಕರ್ಧ ಶಟರ್ ಎಳೆದಿರುತ್ತದೆ. ಟೊಯೊಸುವಿನ ಕಟ್ಟಡದೊಳಗೂ ತಿನ್ನುವ ಜಾಗಗಳಿವೆ. ನೋಡಲು ಆಸ್ಪತ್ರೆಯ ಕ್ಯಾಂಟೀನ್ ಥರ ಇರುತ್ತದೆ, ಚಂದದ ಫೋಟೋ ಬರುವುದಿಲ್ಲ. ಮೀನಿನವರು ಹೋದದ್ದು ಅಲ್ಲಿಗೆ ಅನ್ನುವುದನ್ನು ಮಾತ್ರ ಮರೆಯಬೇಡಿ.

ಮಾರುಕಟ್ಟೆ ಒಂದೇ ಅಲ್ಲ, ಕಾರ್ಖಾನೆಯೂ ತಿಂಡಿ ಹುಟ್ಟಿಸುತ್ತದೆ. ಜಪಾನಿನ ನಗೋಯಾ ಕಡೆ ಬೆಳಗ್ಗೆ ಕಾಫಿ ಅಂಗಡಿಗೆ ಹೋಗಿ ಒಂದು ಕಾಫಿ ಹೇಳಿದರೆ ಅದರ ಬೆಲೆಯಲ್ಲೇ ದಪ್ಪ ಟೋಸ್ಟು, ಬೇಯಿಸಿದ ಮೊಟ್ಟೆ ಕೊಡುತ್ತಾರೆ. ಇದಕ್ಕೆ ಅಲ್ಲಿ ಮಾರ್ನಿಂಗ್ ಅಂತಲೇ ಹೆಸರು. ಪಕ್ಕದ ಇಚಿನೋಮಿಯಾ ಊರಿನವರು ಇದು ಶುರುವಾದದ್ದು ತಮ್ಮಲ್ಲಿ ಅನ್ನುತ್ತಾರೆ. ಅದು ನೇಯ್ಗೆಯ ಊರು. 1950ರ ದಶಕದಲ್ಲಿ ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸದೆ ಕಾರ್ಖಾನೆಯವರು ವ್ಯಾಪಾರದ ಮಾತುಕತೆಗೆ ಕಾಫಿ ಅಂಗಡಿಗೆ ಬರುತ್ತಿದ್ದರಂತೆ, ದಿನಾ ಬರುವ ಅವರಿಗೆ ಅಂಗಡಿಯವರು ಒಂದು ಮೊಟ್ಟೆ, ಒಂದಿಷ್ಟು ಕಡಲೆಕಾಯಿ ಸೇರಿಸಿ ಕೊಡಲು ಶುರು ಮಾಡಿದರಂತೆ. ನನಗೆ ಈ ಕಥೆ ಯಾಕೆ ಇಷ್ಟ ಅಂದರೆ, ಟೋಸ್ಟು ಮೊಟ್ಟೆಯಂಥ ಸಾಧಾರಣ ತಿಂಡಿಗೂ ಅಲ್ಲಿನ ಕೆಲಸದ ಗದ್ದಲವೇ ಕಾರಣ ಅಂತ ಅದು ಹೇಳುತ್ತದೆ. ಇಂಥದ್ದನ್ನು ಯಾವ ಸ್ಟಾರ್ ರೇಟಿಂಗೂ ಹೇಳುವುದಿಲ್ಲ.

ರೇಟಿಂಗ್ ವಿಷಯ ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ಫೋನಿನ ಮ್ಯಾಪು ಬೇಡ ಅಂತ ನಾನು ಹೇಳುವುದಿಲ್ಲ. ಅದರಲ್ಲಿ ನೋಡಬೇಕಾದ್ದು ಬೇರೆ. ದಿನಾ ಬೆಳಗ್ಗೆ ಒಂದೇ ಕಡೆ ತಿನ್ನುವವನು ಕೂತು ವಿಮರ್ಶೆ ಬರೆಯುವುದಿಲ್ಲ, ಬರೆಯುವವನು ಒಮ್ಮೆ ಬಂದವನು. ಹಾಗಾಗಿ ತಿಂಡಿ ಅಂಗಡಿಗಳ ಸ್ಟಾರುಗಳನ್ನು ನಾನು ಜಾಸ್ತಿ ನಂಬುವುದಿಲ್ಲ. ಬಾಗಿಲು ತೆರೆಯುವ ಸಮಯ ನೋಡುತ್ತೇನೆ. ಆರಕ್ಕೆ ತೆರೆದು ಹನ್ನೊಂದಕ್ಕೆ ಮುಚ್ಚುವ ಅಂಗಡಿ ಕಂಡರೆ ಅರ್ಧ ಕೆಲಸ ಮುಗಿಯಿತು, ಅದು ಬೆಳಗಿನ ವ್ಯಾಪಾರದಲ್ಲೇ ಬದುಕುವ ಅಂಗಡಿ. ಯಾವ ಹೊತ್ತಿಗೆ ಎಷ್ಟು ಜನ ಅಂತ ತೋರಿಸುವ ಕಂಬಗಳಿರುತ್ತವಲ್ಲ, ಅದರಲ್ಲಿ ಏಳು ಗಂಟೆಯ ಕಂಬ ಎತ್ತರ ಇದ್ದರೆ ಇನ್ನೂ ಒಳ್ಳೆಯದು. ಆಮೇಲೆ ಹುಡುಕುವಾಗ ‘ಬ್ರೇಕ್‌ಫಾಸ್ಟ್’ ಅಂತ ಹಾಕಬೇಡಿ. ಹಾಗೆ ಹಾಕಿದರೆ ಪ್ಯಾನ್‌ಕೇಕು, ಅವಕಾಡೋ ಟೋಸ್ಟು ಮಾರುವವರೇ ಸಾಲಾಗಿ ಬರುತ್ತಾರೆ. ಆ ಊರಿನ ತಿಂಡಿಯ ಹೆಸರನ್ನು ಅಲ್ಲಿನ ಲಿಪಿಯಲ್ಲೇ ಕಾಪಿ ಮಾಡಿ ಹಾಕಿ. ಬರುವ ಪಟ್ಟಿಯೇ ಬೇರೆ.

ಬ್ರಂಚ್ ಬಗ್ಗೆಯೂ ಒಂದು ಮಾತು. ಹತ್ತೂವರೆಗೆ ಬಾಗಿಲು ತೆರೆಯುವ ಜಾಗಕ್ಕೆ ತಿಂಡಿ ಅಂಗಡಿ ಅನ್ನುವುದು ನನ್ನಿಂದ ಆಗದು. ಅದು ಬೇರೆ ಊಟ, ಬೇರೆ ಜನ, ಬೇರೆ ಬಿಲ್ಲು.

ಕೆಲವು ತಿಂಡಿಗಳು ಬೆಳಗ್ಗೆಯೇ ಚೆನ್ನಾಗಿರುವುದಕ್ಕೆ ಅಡುಗೆಯ ಕಾರಣವೂ ಇದೆ. ಅವು ರಾತ್ರಿಯಿಡೀ ಬೆಂದಿರುತ್ತವೆ. ಕೈರೋದ ಫುಲ್ ಅನ್ನುವುದು ಫಾವಾ ಎಂಬ ದಪ್ಪ ಕಾಳಿನ ತಿಂಡಿ. ಕಿರಿದಾದ ಕೊರಳಿನ ದೊಡ್ಡ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಬೆಳಗಾಗುವ ಹೊತ್ತಿಗೆ ಕಾಳು ಬೆಣ್ಣೆಯಂತೆ ಕರಗಿರುತ್ತದೆ. ಉದ್ದ ಹಿಡಿಯ ಸೌಟು ಇಳಿಸಿ ಎತ್ತಿ, ಎಣ್ಣೆ, ನಿಂಬೆರಸ, ಜೀರಿಗೆ ಹಾಕಿ ಕಲಸಿ ತವುಡು ಉಳಿಸಿದ ಗೋಧಿ ರೊಟ್ಟಿಯ ಜೊತೆ ಕೊಡುತ್ತಾರೆ. ಗಾಡಿಯ ಸುತ್ತ ನಿಂತೇ ತಿನ್ನಬೇಕು. ಪಕ್ಕದಲ್ಲೇ ತಾಮಿಯಾ ಅನ್ನುವ ವಡೆ ಕರಿಯುತ್ತಿರುತ್ತಾರೆ. ಬೇರೆ ಅರಬ್ ಊರುಗಳಲ್ಲಿ ಕಡಲೆಯಿಂದ ಮಾಡುವ ಫಲಾಫಲ್ಲನ್ನು ಈಜಿಪ್ಟಿನವರು ಇದೇ ಫಾವಾ ಕಾಳಿನಿಂದ ಮಾಡುತ್ತಾರೆ. ಸೊಪ್ಪು ಸೇರಿ ಒಳಗೆ ಹಸಿರಾಗಿರುತ್ತದೆ. ರಂಜಾನ್ ತಿಂಗಳಲ್ಲಿ ಹೋದರೆ ಈ ಗಡಿಯಾರ ಪೂರ್ತಿ ತಿರುಗಿರುತ್ತದೆ. ಆಗ ಜನ ಫುಲ್ ತಿನ್ನುವುದು ಬೆಳಕು ಹರಿಯುವ ಮುಂಚೆ, ಸಹರಿಯ ಹೊತ್ತಿಗೆ, ಅಂದರೆ ಉಪವಾಸ ಶುರುವಾಗುವ ಮುಂಚಿನ ಊಟಕ್ಕೆ. ಎಂಟಕ್ಕೆ ಎದ್ದು ಹುಡುಕಿದರೆ ಏನೂ ಸಿಗುವುದಿಲ್ಲ.

ಹನೋಯಿಯ ಫೋ ನೂಡಲ್ ಸೂಪೂ ಹೀಗೆಯೇ. ದನದ ಎಲುಬನ್ನು ರಾತ್ರಿಯಿಡೀ ಕುದಿಸಿ ತೆಗೆದ ಸಾರು. ಒಂದು ದೊಡ್ಡ ಹಂಡೆಯಲ್ಲಿ ಎಷ್ಟಿದೆಯೋ ಅಷ್ಟೇ ವ್ಯಾಪಾರ. ಹಂಡೆ ಖಾಲಿಯಾದರೆ ಸ್ಟೂಲುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು ಹೊರಡುತ್ತಾರೆ. ಹಳೆ ದೆಹಲಿ, ಲಾಹೋರ್, ಕರಾಚಿಯ ನಿಹಾರಿಯೂ ಇದೇ ಜಾತಿಯದು, ಮಾಂಸ ರಾತ್ರಿಯಿಡೀ ಬೆಂದು ಬೆಳಗಿನ ನಮಾಜಿನ ಹೊತ್ತಿಗೆ ತಯಾರು. ಇಂಥ ಅಂಗಡಿಗಳ ಬಗ್ಗೆ ಒಂದೇ ನಿಯಮ. ಬೇಗ ಹೋದವನಿಗೆ ಉಂಟು. ಒಂಬತ್ತೂವರೆಗೆ ಹೋಗಿ ಖಾಲಿ ಅಂತ ಕೇಳಿದರೆ ವಾದ ಮಾಡಬೇಡಿ. ಖಾಲಿಯಾಗುವುದೇ ಅದು ಒಳ್ಳೆಯ ಅಂಗಡಿ ಅನ್ನುವುದಕ್ಕೆ ಸಾಕ್ಷಿ. ದಿನವಿಡೀ ಖಾಲಿಯಾಗದ ಹಂಡೆಯ ಮೇಲೆ ನನಗೆ ಸಂಶಯ ಜಾಸ್ತಿ.

ಇಷ್ಟು ಬೇಗ ಏಳುವುದು ಹೇಗೆ ಅಂತ ಕೇಳಬಹುದು. ಪಶ್ಚಿಮಕ್ಕೆ ಹಾರಿದವರಿಗೆ ಇದು ಕಷ್ಟವೇ ಅಲ್ಲ. ದೇಹದ ಗಡಿಯಾರ ಇನ್ನೂ ಹೊರಟ ಊರಿನ ಲೆಕ್ಕದಲ್ಲೇ ಓಡುತ್ತಿರುವುದರಿಂದ ಮೊದಲ ಕೆಲವು ದಿನ ಮೂರಕ್ಕೋ ನಾಲ್ಕಕ್ಕೋ ಎಚ್ಚರ ಆಗಿಬಿಡುತ್ತದೆ. ಜನ ಅದನ್ನು ಶಾಪ ಅಂದುಕೊಂಡು ಕಣ್ಣು ಮುಚ್ಚಿ ಹೊರಳಾಡುತ್ತಾರೆ. ಎದ್ದು ಶೂ ಹಾಕಿಕೊಂಡು ಹೊರಗೆ ಬನ್ನಿ. ನಗರ ತನ್ನ ಬಾಗಿಲುಗಳನ್ನು ಯಾವ ಕ್ರಮದಲ್ಲಿ ತೆರೆಯುತ್ತದೆ ಅಂತ ನೋಡುವ ಅವಕಾಶ ಅದು. ಪೂರ್ವಕ್ಕೆ ಹಾರಿದವರ ಕಷ್ಟ ನಿಜವಾದದ್ದು. ಅವರಿಗೆ ಬೆಳಗ್ಗೆ ಕಣ್ಣೇ ಬಿಡಲು ಆಗುವುದಿಲ್ಲ. ಅಂಥವರು ಮೊದಲ ದಿನ ಆ ಬಫೆಯಲ್ಲೇ ತಿನ್ನಲಿ ಬಿಡಿ, ಯಾರೂ ಬೈಯುವುದಿಲ್ಲ. ಅಂದಹಾಗೆ ರೂಮು ಬುಕ್ ಮಾಡುವಾಗ ತಿಂಡಿ ಸೇರಿದ ಬಾಡಿಗೆ, ಸೇರದ ಬಾಡಿಗೆ ಅಂತ ಎರಡು ಇರುತ್ತದೆ. ಆ ವ್ಯತ್ಯಾಸವನ್ನು ಒಮ್ಮೆ ನೋಡಿ. ಎಷ್ಟೋ ಕಡೆ ಆ ದುಡ್ಡಲ್ಲಿ ಇಬ್ಬರು ಹೊರಗೆ ಹೊಟ್ಟೆ ತುಂಬ ತಿಂದು ಕಾಫಿಯೂ ಕುಡಿಯಬಹುದು.

ಹೊರಗೆ ಬಂದ ಮೇಲೆ ಎಲ್ಲಿಗೆ ಹೋಗುವುದು? ದೊಡ್ಡ ಆಸ್ಪತ್ರೆಯ ಗೇಟು, ಬಸ್ ಡಿಪೋ, ಮೆಟ್ರೋ ನಿಲ್ದಾಣದ ಮೆಟ್ಟಿಲು ಮೇಲೆ ಬರುವ ಕಡೆ, ಸರ್ಕಾರಿ ಕಚೇರಿಗಳ ಹಿಂದಿನ ಗಲ್ಲಿ. ದೊಡ್ಡ ರೈಲು ನಿಲ್ದಾಣದ ಒಳಗೆ ಬೇಡ. ಹೊರಗೆ ಎರಡು ಗಲ್ಲಿ ಆಚೆ, ರೈಲ್ವೆಯವರೂ ಟ್ಯಾಕ್ಸಿಯವರೂ ತಿನ್ನುವ ಜಾಗ ಇರುತ್ತದೆ. ಆಸ್ಪತ್ರೆ ಯಾಕೆ ಅಂದರೆ ಅಲ್ಲಿ ರಾತ್ರಿ ಪಾಳಿ ಮುಗಿಸಿ ಹೊರಬರುವ ನರ್ಸುಗಳು, ಬೆಳಗಿನ ಪಾಳಿಗೆ ಬರುವವರು, ವಾರ್ಡಿನಲ್ಲಿ ರೋಗಿಯ ಜೊತೆ ಮಲಗಿದ್ದ ನೆಂಟರು, ಎಲ್ಲರಿಗೂ ಒಂದೇ ಹೊತ್ತಿಗೆ ಹಸಿವು. ಇಂಥ ಕಡೆ ಒಂದು ಹತ್ತು ನಿಮಿಷ ಸುಮ್ನೆ ನಿಂತು ಜನರ ಕೈಯಲ್ಲಿ ಏನಿದೆ ಅಂತ ನೋಡಿದರೆ ಸಾಕು. ಒಂದೇ ಬಣ್ಣದ ಪೊಟ್ಟಣ, ಒಂದೇ ಥರದ ಲೋಟ ಮತ್ತೆ ಮತ್ತೆ ಕಂಡರೆ ಅದು ಬಂದ ದಿಕ್ಕಿಗೆ ನಡೆಯಿರಿ.

ನ್ಯೂಯಾರ್ಕಿನಲ್ಲಿ ಈ ಉಪಾಯ ತುಂಬ ಚೆನ್ನಾಗಿ ನಡೆಯುತ್ತದೆ. ಆಫೀಸುಗಳ ಮೂಲೆಯಲ್ಲಿ, ಸಬ್‌ವೇ ಬಾಯಲ್ಲಿ ಚಿಕ್ಕ ಸ್ಟೀಲ್ ಗಾಡಿಗಳು ನಿಂತಿರುತ್ತವೆ. ಕಾಫಿ, ಬಳೆಯಂಥ ಗಟ್ಟಿ ಬನ್ನು ಬೇಗಲ್, ಡೋನಟ್, ಬೆಣ್ಣೆ ಹಚ್ಚಿದ ಬನ್ನು. ಗಾಡಿಗಳನ್ನು ದಿನಾ ಪರವಾನಗಿ ಇರುವ ಗ್ಯಾರೇಜಿಗೆ ತಂದು ತೊಳೆದು ಇಡಬೇಕು ಅನ್ನುವುದು ನಗರದ ನಿಯಮ. ಅದಕ್ಕೇ ಅವು ಕತ್ತಲಲ್ಲಿ ಬಂದು ಹಗಲಲ್ಲೇ ಮಾಯವಾಗುತ್ತವೆ. ಮಧ್ಯಾಹ್ನ ಅದೇ ಮೂಲೆಗೆ ಹೋದರೆ ಗಾಡಿ ಇತ್ತು ಅನ್ನುವ ಗುರುತೂ ಇರುವುದಿಲ್ಲ. ಆ ಊರಿನ ಪ್ರಸಿದ್ಧ ನೀಲಿ ಬಿಳಿ ಕಾಗದದ ಲೋಟ, ಗ್ರೀಕ್ ಚಿತ್ತಾರದ್ದು, 1960ರ ದಶಕದಲ್ಲಿ ಲೆಸ್ಲಿ ಬಕ್ ಅನ್ನುವವರು ಮಾಡಿದ್ದು. ಆಗ ಕಾಫಿ ಮಾರುತ್ತಿದ್ದ ಅಂಗಡಿಗಳಲ್ಲಿ ಗ್ರೀಕರದ್ದೇ ಜಾಸ್ತಿ ಇದ್ದದ್ದರಿಂದ ಅವರಿಗೆ ಹಿಡಿಸಲಿ ಅಂತ ಆ ಚಿತ್ತಾರ. ಈಗ ಗಾಡಿಗಳಲ್ಲಿ ಬೇರೆ ಬೇರೆ ದೇಶಗಳಿಂದ ಬಂದವರು ನಿಂತಿರುತ್ತಾರೆ. ಕಾಫಿ ರುಚಿ ಅಷ್ಟಕ್ಕಷ್ಟೇ, ಅದನ್ನು ಮುಚ್ಚಿಡುವುದಿಲ್ಲ. ಗಾಡಿ ಕೊಡುವುದು ವೇಗ. ಸಾಲಲ್ಲಿ ನಿಂತ ಹಳೆ ಗಿರಾಕಿ ಬಾಯಿ ತೆರೆಯುವ ಮುಂಚೆಯೇ ಅವನ ಕಾಫಿ ಚೀಲದಲ್ಲಿರುತ್ತದೆ.

ಮೆಕ್ಸಿಕೋ ಸಿಟಿಯದು ಇನ್ನೂ ಗಟ್ಟಿ ವ್ಯವಹಾರ. ಮೆಟ್ರೋ ನಿಲ್ದಾಣದ ಹೊರಗೆ ದೊಡ್ಡ ಅಲ್ಯೂಮಿನಿಯಂ ಪಾತ್ರೆಗಳಿಂದ ಹಬೆ ಏಳುತ್ತಿರುತ್ತದೆ. ಒಳಗೆ ತಮಾಲ್, ಅಂದರೆ ಮೆಕ್ಕೆಜೋಳದ ಹಿಟ್ಟಿಗೆ ಮಾಂಸವೋ ಮೆಣಸಿನಕಾಯಿಯೋ ಚೀಸೋ ತುಂಬಿ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ಅದನ್ನು ಹಾಗೇ ತಿನ್ನಬಹುದು. ಆದರೆ ಕೆಲಸಕ್ಕೆ ಹೊರಟವರು ಅದನ್ನು ಇಡಿಯಾಗಿ ಒಂದು ಬನ್ನಿನೊಳಗೆ ಇಡಿಸಿಕೊಳ್ಳುತ್ತಾರೆ. ಗುವಾಹೊಲೋತಾ ಅಂತ ಹೆಸರು. ಹಿಟ್ಟಿನೊಳಗೆ ಹಿಟ್ಟು! ಜೊತೆಗೆ ಅತೋಲೆ, ಅದೂ ಮೆಕ್ಕೆಜೋಳದ ಹಿಟ್ಟಿನದ್ದೇ ಬಿಸಿ ಗಂಜಿ. ನೋಡಿದ ತಕ್ಷಣ ಇದೇನು ಹುಚ್ಚು ಅನ್ನಿಸುತ್ತದೆ. ಆ ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಂತುಕೊಂಡೇ ಪ್ರಯಾಣ ಮಾಡಿ, ಮಧ್ಯಾಹ್ನ ಎರಡು ಮೂರರ ತನಕ ಊಟದ ಬಿಡುವಿಲ್ಲದೆ ದುಡಿಯುವವನಿಗೆ ಏನು ಬೇಕು ಅಂತ ಯೋಚಿಸಿದರೆ ಹುಚ್ಚು ಹೋಗಿ ಲೆಕ್ಕ ಕಾಣುತ್ತದೆ. ನಿಮಗೆ ಅಷ್ಟು ಹಸಿವಿಲ್ಲದಿದ್ದರೆ ಬನ್ನು ಬೇಡ ಅನ್ನಿ, ತಮಾಲ್ ಒಂದೇ ಸಾಕು.

ಇಲ್ಲಿ ವಾರದ ಯಾವ ದಿನ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅದೇ ಮೆಕ್ಸಿಕೋ ಸಿಟಿಯಲ್ಲಿ ಭಾನುವಾರ ಬೆಳಗ್ಗೆ ಜನ ಮನೆಮಂದಿಯೆಲ್ಲ ಕೂತು ಬಾರ್ಬಕೋವಾ ತಿನ್ನುತ್ತಾರೆ, ನಿಧಾನಕ್ಕೆ ಬೇಯಿಸಿದ ಕುರಿಮಾಂಸ. ಅದು ವಾರದ ದಿನದ ಗಡಿಬಿಡಿಯ ತಿಂಡಿ ಅಲ್ಲ. ಇಸ್ತಾಂಬುಲ್ಲಿನಲ್ಲಿ ಈ ವ್ಯತ್ಯಾಸ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಫೋಟೋಗಳಲ್ಲಿ ನೀವು ನೋಡಿರುವ ತುರ್ಕಿ ತಿಂಡಿ, ಟೇಬಲ್ ಕಾಣಿಸದಷ್ಟು ಪುಟ್ಟ ತಟ್ಟೆಗಳು, ನಾಲ್ಕೈದು ಥರದ ಚೀಸ್, ಆಲಿವ್, ಜೇನು ಕೆನೆ, ಟೊಮೇಟೊ ಮೊಟ್ಟೆಯ ಮೆನೆಮೆನ್, ಮುಗಿಯದ ಚಹಾ, ಅದು ರಜೆ ದಿನದ್ದು. ಗೆಳೆಯರ ಜೊತೆ ಮಧ್ಯಾಹ್ನದ ತನಕ ಎಳೆಯುವ ಕಾರ್ಯಕ್ರಮ. ಅಲ್ಲಿನ ಬೆಶಿಕ್ತಾಶ್ ಬಡಾವಣೆಯಲ್ಲಿ ಅದಕ್ಕೇ ಅಂತ ಅಂಗಡಿಗಳ ಬೀದಿಯೇ ಇದೆ. ಮಂಗಳವಾರ ಬೆಳಗ್ಗೆ ಅದೇ ಜನ ಏನು ತಿನ್ನುತ್ತಾರೆ ಅಂದರೆ ಎಳ್ಳು ಹಚ್ಚಿದ ಬಳೆಯಾಕಾರದ ಸಿಮಿತ್ ಒಂದು, ಚಹಾ ಒಂದು. ಕೆಂಪು ಗಾಡಿಯಿಂದ ಸಿಮಿತ್ ತಗೊಂಡು ಆಚೆ ದಡದ ಕಡಿಕೋಯ್ ಕಡೆಯ ಫೆರ್ರಿ ಹತ್ತಿ ಒಳಗೆ ಮಾರುವ ಚಹಾ ಹಿಡಿದು ಕೂರುತ್ತಾರೆ. ದಡ ಸೇರುವಷ್ಟರಲ್ಲಿ ತಿಂಡಿ ಮುಗಿದಿರುತ್ತದೆ. ಎರಡೂ ಒಳ್ಳೆಯದೇ. ಭಾನುವಾರದ ತಿಂಡಿಯನ್ನು ಮಂಗಳವಾರ ಒಬ್ಬರೇ ಹೋಗಿ ಹೇಳಿದರೆ ಮಾತ್ರ ಅರ್ಧ ತಿಂದು ಎದ್ದು ಬರಬೇಕಾಗುತ್ತದೆ. ಇಬ್ಬರಿಗಿಂತ ಕಡಿಮೆ ಜನ ಬಂದರೆ ಕೊಡುವುದಿಲ್ಲ ಅನ್ನುವ ಅಂಗಡಿಗಳೂ ಇವೆ.

ಅಂಗಡಿ ಸಿಕ್ಕ ಮೇಲೆ ಅಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವುದು ಇನ್ನೊಂದು ವಿಷಯ. ಬೆಳಗಿನ ಅಂಗಡಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ನಿಮ್ಮ ಹಿಂದೆ ನಿಂತವನಿಗೆ ಏಳೂವರೆಯ ಬಸ್ಸು ತಪ್ಪುತ್ತದೆ. ರೋಮ್, ಮಿಲಾನ್ ಕಡೆಯ ಬಾರ್‌ಗಳಲ್ಲಿ, ಅಲ್ಲಿ ಬಾರ್ ಅಂದರೆ ಕಾಫಿ ಅಂಗಡಿ, ಜನ ಕೌಂಟರಿಗೆ ಆತು ನಿಂತು ಕಪುಚಿನೋ ಕುಡಿದು ಕ್ರೋಸಾನ್ ಥರದ ಕೊರ್ನೆತ್ತೋ ತಿಂದು ಐದು ನಿಮಿಷದಲ್ಲಿ ಹೊರಡುತ್ತಾರೆ. ಎಷ್ಟೋ ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತಂದು ಕೌಂಟರ್ ಮೇಲೆ ಇಡಬೇಕು. ಅದೇ ಕಪುಚಿನೋವನ್ನು ಹೊರಗೆ ಕುರ್ಚಿಯಲ್ಲಿ ಕೂತು ಕುಡಿದರೆ ಬೆಲೆ ಜಾಸ್ತಿ, ಪ್ರಸಿದ್ಧ ಚೌಕಗಳಲ್ಲಿ ತುಂಬಾನೇ ಜಾಸ್ತಿ. ಅದು ಮೋಸ ಅಲ್ಲ. ನಿಂತರೆ ಒಂದು ಬೆಲೆ, ಕೂತರೆ ಒಂದು ಬೆಲೆ ಅಂತ ಪಟ್ಟಿಯಲ್ಲೇ ಹಾಕಿರುತ್ತಾರೆ. ಓದದೆ ಕೂತು ಆಮೇಲೆ ಜಗಳ ಆಡುವವರನ್ನು ನೋಡಿದರೆ ನನಗೆ ನಗು ಬರುತ್ತದೆ.

ಹಾಂಗ್‌ಕಾಂಗ್‌ನ ಚಾ ಚಾನ್ ತೆಂಗ್‌ಗಳಲ್ಲಿ, ಅಂದರೆ ಚಹಾ ತಿಂಡಿಯ ಅಂಗಡಿಗಳಲ್ಲಿ, ಅಪರಿಚಿತರ ಟೇಬಲ್ಲಿಗೇ ನಿಮ್ಮನ್ನು ಕೂರಿಸುತ್ತಾರೆ. ಮುಜುಗರ ಬೇಡ, ಎದುರು ಕೂತವರು ನಿಮ್ಮ ಮುಖ ಕೂಡ ನೋಡುವುದಿಲ್ಲ. ಗೋಡೆ ಮೇಲೆ ಬೆಳಗಿನ ಸೆಟ್‌ಗಳ ಪಟ್ಟಿ ಇರುತ್ತದೆ, ಸಾರಿನಲ್ಲಿ ಮ್ಯಾಕರೋನಿ, ಮೇಲೆ ಹ್ಯಾಮ್ ಚೂರು, ಬೆಣ್ಣೆ ಹಚ್ಚಿದ ಟೋಸ್ಟು, ಮೊಟ್ಟೆ, ಗಟ್ಟಿ ಹಾಲಿನ ಚಹಾ. ಬೆರಳು ತೋರಿಸಿದರೆ ಸಾಕು. ಸಿಂಗಪುರದ ಕೊಪಿಟಿಯಾಮ್‌ಗಳಲ್ಲಿ, ಅಂದರೆ ಕಾಫಿ ಅಂಗಡಿಗಳಲ್ಲಿ, ತೆಂಗಿನಹಾಲು ಮೊಟ್ಟೆ ಸಕ್ಕರೆಯ ಕಾಯಾ ಹಚ್ಚಿದ ಟೋಸ್ಟು, ಅರೆಬೆಂದ ಮೊಟ್ಟೆಗೆ ಸೋಯಾ ಸಾಸು, ಬಿಳಿ ಮೆಣಸಿನ ಪುಡಿ. ಕೊಪಿ ಅಂದರೆ ಡಬ್ಬದ ಸಿಹಿ ಹಾಲು ಹಾಕಿದ ಕಾಫಿ, ಕೊಪಿ ಓ ಅಂದರೆ ಹಾಲಿಲ್ಲದ್ದು. ಖಾಲಿ ಟೇಬಲ್ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಯಾರೋ ಮರೆತು ಹೋದದ್ದಲ್ಲ, ಜಾಗ ಹಿಡಿದಿದ್ದಾರೆ. ಎಷ್ಟೋ ತಿಂಡಿ ಅಂಗಡಿಗಳು ಒಂದೇ ಸೂರಿನಡಿ ಇರುವ ಅಲ್ಲಿನ ಹಾಕರ್ ಸೆಂಟರ್‌ಗಳ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅದರ ಮರುವರ್ಷ, 2021ರ ಸೆಪ್ಟೆಂಬರ್‌ನಿಂದ, ತಿಂದ ತಟ್ಟೆಯನ್ನು ಟೇಬಲ್ ಮೇಲೇ ಬಿಟ್ಟು ಹೋದರೆ ಮೊದಲ ಸಲ ಎಚ್ಚರಿಕೆ, ಮತ್ತೆ ಸಿಕ್ಕಿಬಿದ್ದರೆ ದಂಡ. ಟ್ರೇ ಎತ್ತಿಕೊಂಡು ಹೋಗಿ ಇಡಬೇಕಾದ ಕಡೆ ಇಟ್ಟು ಹೊರಡಿ.

ಯಾರನ್ನಾದರೂ ಕೇಳುವುದಾದರೆ ರಿಸೆಪ್ಷನ್ನಿನ ಕೋಟು ಹಾಕಿದವರನ್ನು ಕೇಳಬೇಡಿ. ಅವರು ಒಳ್ಳೆಯವರೇ, ಆದರೆ ಅತಿಥಿಗೆ ಏನು ಹೇಳಿದರೆ ದೂರು ಬರುವುದಿಲ್ಲ ಅಂತ ಯೋಚಿಸಿ ಹೇಳುತ್ತಾರೆ. ರಾತ್ರಿ ಪಾಳಿಯ ಸೆಕ್ಯೂರಿಟಿಯವರನ್ನು, ಬೆಳಗ್ಗೆ ರೂಮು ಗುಡಿಸಲು ಬರುವವರನ್ನು ಕೇಳಿ. ‘ಇಲ್ಲಿ ಒಳ್ಳೆಯ ತಿಂಡಿ ಎಲ್ಲಿ’ ಅಂತ ಕೇಳಿದರೆ ಅವರೂ ಪ್ರವಾಸಿಗರ ಜಾಗವನ್ನೇ ತೋರಿಸುತ್ತಾರೆ. ‘ಡ್ಯೂಟಿ ಮುಗಿದ ಮೇಲೆ ನೀವು ಎಲ್ಲಿ ತಿಂತೀರಿ’ ಅಂತ ಕೇಳಿ. ಒಮ್ಮೆ ಹೀಗೆ ಕೇಳಿದಾಗ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಲ್ಲಿ ಕುರ್ಚಿ ಇಲ್ಲ, ಪರವಾಗಿಲ್ಲವಾ ಅಂದರು. ಪರವಾಗಿಲ್ಲ ಅಂದದ್ದಕ್ಕೆ ಒಂದು ಚೀಟಿಯಲ್ಲಿ ದಾರಿಯ ನಕ್ಷೆಯನ್ನೇ ಬರೆದುಕೊಟ್ಟರು. ತಿರುವು, ಔಷಧಿ ಅಂಗಡಿ, ಹಸಿರು ಗೇಟು ಎಲ್ಲಾ ಇತ್ತು ಅದರಲ್ಲಿ.

ಹೊಟ್ಟೆ ಕೆಡುತ್ತದೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಇರಲಿ, ಒಳ್ಳೆಯದೇ. ಆದರೆ ಕುದಿಯುವ ಹಂಡೆಯಿಂದ ಕಣ್ಣೆದುರೇ ಬಟ್ಟಲಿಗೆ ಬಿದ್ದ ಸಾರು, ಈಗ ತಾನೇ ಎಣ್ಣೆಯಿಂದ ಎತ್ತಿದ್ದು, ಹಬೆಯಿಂದ ತೆಗೆದದ್ದು, ಇವು ಗಂಟೆಗಟ್ಟಲೆ ಉಗುರುಬೆಚ್ಚಗೆ ಇಟ್ಟ ಬಫೆಗಿಂತ ಸುರಕ್ಷಿತ ಅಂತಲೇ ನಾನು ನಂಬುತ್ತೇನೆ. ಭಯ ಪಡಬೇಕಾದ್ದು ನೀರು, ಐಸು, ಹಸಿ ಸೊಪ್ಪು, ಮೊದಲೇ ಹೆಚ್ಚಿಟ್ಟ ಹಣ್ಣು. ಕೆಲವು ಊರುಗಳಲ್ಲಿ ಇದನ್ನು ನೋಡಿ ತಿಳಿಯಲು ದಾರಿ ಇದೆ. ನ್ಯೂಯಾರ್ಕಿನ ಹೋಟೆಲ್ ಕಿಟಕಿಗಳಲ್ಲಿ 2010ರಿಂದ ಎ, ಬಿ, ಸಿ ಅಂತ ಸ್ವಚ್ಛತೆಯ ಅಕ್ಷರ ಅಂಟಿಸಿರುತ್ತಾರೆ. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಸೊನ್ನೆಯಿಂದ ಐದರ ತನಕ ಅಂಕ. ಆ ಸ್ಟಿಕರ್ ತೋರಿಸಲೇಬೇಕು ಅನ್ನುವ ಕಾನೂನು ವೇಲ್ಸ್ ಮತ್ತು ಉತ್ತರ ಐರ್ಲೆಂಡಿನಲ್ಲಿದೆ, ಇಂಗ್ಲೆಂಡಿನಲ್ಲಿ ಇಲ್ಲ. ಲಂಡನ್ನಿನ ಅಂಗಡಿಯೊಂದು ಸ್ಟಿಕರ್ ಹಾಕಿಲ್ಲ ಅಂದರೆ ಫೋನಿನಲ್ಲಿ ಒಮ್ಮೆ ಅಂಕ ನೋಡಿಬಿಡಿ.

ಮಾಂಸ ತಿನ್ನದವರ ಕಷ್ಟ ಕಣ್ಣಿಗೆ ಕಾಣದ ಜಾಗದಲ್ಲಿ ಅಡಗಿರುತ್ತದೆ. ಮೇಲೆ ಬರೀ ತರಕಾರಿ ಇದ್ದರೂ ಫೋ ಸಾರು ಎಲುಬಿನದ್ದು. ಜಪಾನಿನ ಮಿಸೋ ಸೂಪಿನ ತಳದಲ್ಲಿ ಸಾಮಾನ್ಯವಾಗಿ ಒಣಮೀನಿನ ರಸ ಇರುತ್ತದೆ. ಮೆಣಸಿನಕಾಯಿ ಚೀಸ್ ತುಂಬಿದ ತಮಾಲಿನ ಹಿಟ್ಟಿಗೂ ಎಷ್ಟೋ ಕಡೆ ಹಂದಿ ಕೊಬ್ಬು ಕಲಸಿರುತ್ತಾರೆ. ಮಾಂಸ ಇದೆಯಾ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ. ಸಾರು ಯಾವುದರದ್ದು, ಹಿಟ್ಟಿಗೆ ಏನು ಹಾಕುತ್ತೀರಿ ಅಂತ ಬರೆದಿಟ್ಟುಕೊಂಡು ತೋರಿಸುವುದು ವಾಸಿ. ಕೈರೋ ಮಾತ್ರ ಇವರಿಗೆ ಸ್ವರ್ಗ. ಫುಲ್, ತಾಮಿಯಾ ಎರಡೂ ಪೂರ್ತಿ ಕಾಳು ಸೊಪ್ಪಿನದ್ದೇ. ಸಿಮಿತ್ ಚಹಾಕ್ಕೂ ತೊಂದರೆ ಇಲ್ಲ.

ಕೊನೆಯ ದಿನ ಬೆಳಗಿನ ವಿಮಾನ ಇದ್ದವರಿಗೆ ಒಂದೇ ಒಂದು ಸೂಚನೆ. ಏರ್‌ಪೋರ್ಟಿನ ತಿಂಡಿಯ ಬೆಲೆ ನೋಡಿ ಸಂಕಟ ಪಡುವ ಬದಲು ಹಿಂದಿನ ದಿನವೇ ನೋಡಿಟ್ಟುಕೊಂಡ ಅಂಗಡಿಯಿಂದ ಕಟ್ಟಿಸಿಕೊಂಡು ಹೋಗಿ. ಸಿಮಿತ್, ಬೇಗಲ್, ತಮಾಲ್, ರೊಟ್ಟಿಯಲ್ಲಿ ಇಟ್ಟ ತಾಮಿಯಾ, ಇವೆಲ್ಲ ಎರಡು ಮೂರು ಗಂಟೆ ಆರಾಮಾಗಿ ಇರುತ್ತವೆ. ಅತೋಲೆ, ಕಾಫಿ ಎಲ್ಲಾ ಟ್ಯಾಕ್ಸಿಯಲ್ಲೇ ಮುಗಿಸಿಬಿಡಿ, ಸೆಕ್ಯೂರಿಟಿಯವರು ಒಳಗೆ ಬಿಡುವುದಿಲ್ಲ. ಕಾಯಾ ಟೋಸ್ಟು ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ, ಅದರ ಆಸೆ ಬಿಡಿ. ಸಾರು ಇರುವ ಯಾವುದನ್ನೂ, ಅಂಗಡಿಯವರು ಎಷ್ಟೇ ಗಟ್ಟಿಯಾಗಿ ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟಿಕೊಟ್ಟರೂ, ತಗೊಳ್ಳಬೇಡಿ.